ತಂತಿಯಿಲ್ಲದ್ದರ ಪಟ್ಟಿ

ಗೇಟಿನಲ್ಲೇ ಇಸಿದುಕೊಂಡರು ಫೋನು, ವಾಚು,
ರಿಮೋಟಿನ ಕಾರುಕೀಲಿ.
ಬೀಡಿ, ಕಡ್ಡಿಪೆಟ್ಟಿಗೆಗಳ ಬುಟ್ಟಿಯಲ್ಲಿ
ಅವೂ ಬಿದ್ದುಕೊಂಡವು. ಟೋಕನ್ ಹನ್ನೊಂದು.

ಆದವಾನಿಯ ಫಾಲ್ಗುಣ.
ಬೆಟ್ಟದ ಬಂಡೆಗಳು ಹತ್ತಕ್ಕೇ ರೊಟ್ಟಿಹಂಚು.
ಹತ್ತಿಕಾಳಿನ ಹಿಂಡಿಯಲ್ಲಿ ಉಳಿದ ಎಣ್ಣೆಯನ್ನೂ
ಬಿಡದೆ ಬಸಿಯುವ ಕಾರ್ಖಾನೆ ಇದು,
ಬಸಿಯುವುದು ಹೆಕ್ಸೇನು.
ಅದರ ಆವಿ ಮೇಲೇಳುವ ಜಾತಿಯದಲ್ಲ.
ಕಳ್ಳಬೆಕ್ಕಿನಂತೆ ನೆಲ ಸವರಿಕೊಂಡು ಹೋಗಿ
ಗುಂಡಿ ಕಂಡಲ್ಲಿ ಮುದುಡಿ ಕಾಯುತ್ತದೆ.

ಕರೆಂಟಿನ ಮದ್ದಿಲೇಟಿ ನಗುತ್ತ ಹೇಳಿದ:
"ಮೋಟರು, ದೀಪ, ಸ್ವಿಚ್ಚು ಎಲ್ಲಾ
ಬಿಗಿ ಪೆಟ್ಟಿಗ್ಯಾಗ ಅದಾವ್ರೀ ಮೇಡಂ,
ಸರ್ಟಿಫಿಕೇಟೂ ಅದಾವ.
ಉಳಿದದ್ದು ಬರೇ ಕಬ್ಣ. ಅದ್ರಾಗೇನು ನೋಡ್ತೀರಿ?"

ಬರೇ ಕಬ್ಬಿಣ ನೋಡಲೆಂದೇ ಬಂದವಳು ನಾನು.
ತಿರುಗುವುದು, ಉಜ್ಜುವುದು, ಜಾರುವುದು, ಬೀಳುವುದು.
ಹಾಳೆಯಲ್ಲಿ ಮೂರೇ ಅಂಕಣ:
ದಿನದ ಓಟದಲ್ಲೇ ಕಿಡಿ ಹುಟ್ಟೀತೇ,
ಅಪರೂಪಕ್ಕೊಮ್ಮೆ ಕೆಟ್ಟಾಗ ಹುಟ್ಟೀತೇ,
ಇಲ್ಲಾ ಎಂದೋ ಏನೋ, ಎರಡು ತಪ್ಪು
ಒಂದೇ ಗಳಿಗೆಗೆ ಕೂಡಿದಾಗ?

ಎಲಿವೇಟರಿನ ಬೆಲ್ಟು ಒಂದು ಬೆರಳು ಎಡಕ್ಕೆ ಸರಿದು
ತಗಡು ನೆಕ್ಕುತ್ತಿದೆ.
ನೆಕ್ಕಿದಲ್ಲಿ ಬಣ್ಣ ಹೋಗಿ ಕನ್ನಡಿ.
ಕಾಳಿನ ಜೊತೆ ಬಂದು ಅಯಸ್ಕಾಂತಕ್ಕೆ ಸಿಕ್ಕಿದ್ದು:
ಎರಡು ಬೋಲ್ಟು, ಕುಡುಗೋಲಿನ ತುದಿ, ಎತ್ತಿನ ಲಾಳ.
ಲಾರಿಯಲ್ಲಿ ಬಂದ ಕಾಳಿಗೆ ಎಲ್ಲಿಯ ಎತ್ತು!
ಅಯಸ್ಕಾಂತಕ್ಕೆ ಸಿಗದೆ ಒಳಗೆ ಹೋಗುವುದು ಕಲ್ಲು.
ಕಲ್ಲಿಗೆ ಯಾವ ಅಂಕಣ?
ತುಕ್ಕುತೊಲೆಗೆ ಒರಗಿದ ಅಲ್ಯೂಮಿನಿಯಂ ಏಣಿ ಕಂಡು
ಇದು ಹೊರಗಿರಲಿ ಎಂದೆ.
ಹಗುರ ಐತಂತ ತಂದದ್ದು, ಎಂದರು.

ಮೂರನೇ ಅಟ್ಟದಲ್ಲಿ ಹುಲುಗಪ್ಪ.
ಗ್ರೀಸಿನ ಡಬ್ಬಿ, ಹಿತ್ತಾಳೆ ಸುತ್ತಿಗೆ, ಕಿವಿಯಲ್ಲಿ ಹತ್ತಿ ಇಲ್ಲ,
ಇದ್ದರೆ ಬೇರಿಂಗಿನ ಮಾತು ಕೇಳದಂತೆ.
ಅದರ ಬೆನ್ನಿಗೆ ಮುಂಗೈ ಇಟ್ಟು ಎಣಿಸಿದ:
ಒಂದು, ಎರಡು, ಮೂರು, ನಾಕು, ಐದು,
ಕೈ ಎಳೆದುಕೊಂಡ.
ಪರವಾನಗಿ ಬರೆಸಿ ಒಳತಂದ ನನ್ನ ಮಾಪಕ ತೋರಿಸಿತು
ಅರವತ್ತೊಂದು.
ಹೆಕ್ಸೇನು ತಾನಾಗಿ ಹೊತ್ತಲು ಇನ್ನೂರರ ಮೇಲೆ ಬೇಕು,
ನಡುವೆ ಬಹಳ ದೂರ ಎನ್ನುತ್ತದೆ ಪುಸ್ತಕ.
ಆ ದೂರವನ್ನು ಒಣಗಿದ ಬೇರಿಂಗು
ಒಂದು ಊಟದ ಹೊತ್ತಿನಲ್ಲಿ ನಡೆದು ಮುಗಿಸೀತು.

"ನಿನ್ನೆ ಏಳಿತ್ರೀ," ಎಂದ ಹುಲುಗಪ್ಪ.

ನನ್ನ ಮಾಪಕಕ್ಕೆ ನಿನ್ನೆ ಗೊತ್ತಿಲ್ಲ.
ಹಾಳೆಯಲ್ಲಿ ನಿನ್ನೆಗೆ ಜಾಗವಿಲ್ಲ.
ಅಂಚಿನಲ್ಲಿ ಬರೆದುಕೊಂಡೆ, ಸಣ್ಣಗೆ.

ತಿರುಗುವಷ್ಟರಲ್ಲಿ ಕೇಳಿದ,
"ನಿಮ್ಮ ವೇಲು ನೈಲಾನಿಂದೇನ್ರೀ?"

ಗೇಟಿನಲ್ಲಿ ಯಾರೂ ಕೇಳಿರಲಿಲ್ಲ.
ರಾತ್ರಿ ಲಾಡ್ಜಿನ ಕತ್ತಲಲ್ಲಿ ಇದನ್ನೇ ತೆಗೆಯುವಾಗ
ಚಟಪಟ, ಒಂದು ನೀಲಿ ಎಳೆ.
ಮಕ್ಕಳ ಆಟದಂತೆ ಮತ್ತೆರಡು ಸಲ ಎಳೆದು ನೋಡಿ
ನಕ್ಕಿದ್ದೆ.
ಈಗ ಹಿಡಿದ ಕಂಬಿ ಬಿಡದೆ,
ವೇಲು ಬಿಚ್ಚದೆ, ಕೊಡವದೆ,
ಮದುವೆಯ ಸೇರು ಒದೆಯುವವಳಿಗಿಂತ ಮೆಲ್ಲಗೆ
ಒಂದೊಂದೇ ಮೆಟ್ಟಿಲು ಇಳಿದೆ.

ಹೊರಗೆ ಬೇವಿನ ನೆರಳು. ಹದಿನೇಳನೆಯ ಸಾಲು ಖಾಲಿ.
ಉಪಕರಣ: ನಾನು.
ತಂತಿ: ಇಲ್ಲ.
ಮೊದಲ ಅಂಕಣಕ್ಕೇ ಗುರುತು ಹಾಕಿದೆ.

ಟೋಕನ್ ಕೊಟ್ಟೆ, ಫೋನು ಬಂತು.
ಆಫೀಸಿನ ಮೂರು ಕರೆ. ಮುಗೀತಾ?
ಇಲ್ಲ, ಇವತ್ತು ಗ್ರೀಸು ಕುಡಿಸುತ್ತಿದ್ದಾರೆ.
ನಾಳೆ ಎಷ್ಟಕ್ಕೆ ಕೈ ತೆಗೆಯುತ್ತಾನೋ
ನೋಡಿಕೊಂಡು ಬರುತ್ತೇನೆ.