ಮೂರನೇ ಸುತ್ತು

ಹೋದ ವರ್ಷ ಇದೇ ಮೆಟ್ಟಿಲ ಮೇಲೆ ನಿಂತು
ಬೂಟಿನ ಹಿಮ ಕೊಡವಿ ಬಾಗಿಲು ಬಡಿದಿದ್ದೆ, ಆರ್ಡೆಲ್ಲಾ.
ಮಿಲ್ವಾಕಿಯ ಚಳಿ ನನ್ನ ಬೆನ್ನಿಗಂಟಿಕೊಂಡು
ನಿನ್ನ ಅಡುಗೆಮನೆಯವರೆಗೂ ಬಂದಿತ್ತು.
ನೀನು ಓವನ್ನಿನ ಬಾಗಿಲು ತೆರೆದಿಟ್ಟು ಕೋಣೆ ಕಾಯಿಸುತ್ತಿದ್ದೆ.
(ಪ್ರಶ್ನೆ ಹದಿನಾಲ್ಕು: ಮನೆಗೆ ಹೀಟರ್ ಇದೆಯೇ? ಇದೆ.
ಉರಿಯುತ್ತದೆಯೇ ಎಂಬ ಪ್ರಶ್ನೆ ಇಲ್ಲ.)
ಎದೆಯ ಬಿಲ್ಲೆ ನೋಡಿ, ಬ್ರೋನಿಸ್ಲಾವಾ ಎಂದು ಓದಲು ಹೋಗಿ,
ಸಾಕಾಗಿ, "ಬ್ರೋನಿ, ಕೂತ್ಕೋ" ಅಂದಿದ್ದೆ.

ಬರೆದಿದ್ದನ್ನು ಬರೆದಂತೆ ಓದಿದೆ:
"ಕುಟುಂಬ ಎಂದರೆ ಒಂದೇ ಸೂರಿನಡಿ ಮಲಗಿ
ಒಂದೇ ಒಲೆಯಲ್ಲಿ ಉಣ್ಣುವವರು. ನೀವು ಎಷ್ಟು ಮಂದಿ?"
ನೀನು ಬೆರಳು ಮಡಿಸಿದೆ, ಬಿಚ್ಚಿದೆ, ಮತ್ತೆ ಮಡಿಸಿದೆ.
ತಂಗಿಯ ಹುಡುಗರಿಬ್ಬರು ಮಲಗುವುದು ಇಲ್ಲಿ, ಉಣ್ಣುವುದು ಶಾಲೆಯಲ್ಲಿ.
ಕಾರ್ನೆಲ್ ಉಣ್ಣುವುದು ಇಲ್ಲಿ, ಮಲಗುವುದು...
"ಅದನ್ನ ಬರೀಬೇಡ."
ಪೆನ್ಸಿಲು ಅರ್ಧ ದಾರಿಯಲ್ಲಿ ನಿಂತಿತು.
ನಾಲ್ಕೂವರೆ ಎಂದು ಬರೆಯಲು ಚೌಕದಲ್ಲಿ ಜಾಗವಿಲ್ಲ.
ನಾಲ್ಕು ಅಂದೆವು, ಇಬ್ಬರೂ ಸೇರಿ.

ಹೊಸ ಕಾಯ್ದೆ ಬಂದು ಚೆಕ್ಕು ನಿಂತಿತ್ತು.
ಮುದುಕರ ಆಶ್ರಮದ ಲಾಂಡ್ರಿ, ಎರಡು ಬಸ್ಸು, ನಾಲ್ಕು ಗಂಟೆಯ ಅಲಾರಂ.
ಮೊದಲ ಸುತ್ತಿನಲ್ಲಿ ತಿಂಗಳಿಗೆ ಆರುನೂರ ಇಪ್ಪತ್ತು,
ಎರಡನೆಯದರಲ್ಲಿ ಎಂಟುನೂರ ಹತ್ತು.
ವರಮಾನ ಏರಿದೆ. ನಾನೇ ಗುರುತು ಹಾಕಿದೆ.
ನೀನು ಬಸ್ಸಿನ ಪಾಸು ಹೇಳಿದೆ,
ಮಗು ನೋಡಿಕೊಳ್ಳುವವಳ ಕೂಲಿ ಹೇಳಿದೆ,
ಯಾರದೋ ಅಜ್ಜಿಯರ ಹಾಸಿಗೆ ಬಟ್ಟೆಯ ವಾಸನೆ
ಎಷ್ಟು ತೊಳೆದರೂ ಕೈ ಬಿಡುವುದಿಲ್ಲ ಅಂದೆ.
ಮೊದಲೆರಡಕ್ಕೆ ಕಾಲಂ ಇತ್ತು.

"ಕಳೆದ ಮೂವತ್ತು ದಿನಗಳಲ್ಲಿ, ಕೈಯಲ್ಲಿ ದುಡ್ಡಿಲ್ಲದೆ,
ನೀವು ಊಟ ಬಿಟ್ಟದ್ದುಂಟೇ?
ಆಗಾಗ. ಕೆಲವೊಮ್ಮೆ. ಎಂದೂ ಇಲ್ಲ."
ನೀನು ಮಗಳ ಕಡೆ ನೋಡಿ "ಎಂದೂ ಇಲ್ಲ" ಅಂದೆ.
ಅವಳು ನಿನ್ನ ಕಡೆ ನೋಡಿದಳು.
ನಾನು ಕಾಗದದ ಕಡೆ ನೋಡಿದೆ.

ಕಚೇರಿಯ ಲೆಕ್ಕದಲ್ಲಿ ನಿನ್ನ ತೂಕ
ಎರಡು ಸಾವಿರದ ನೂರ ನಲವತ್ತು ಎಂದಿದ್ದೆ:
ನಿನ್ನೊಬ್ಬಳ ಮಾತು ಅಷ್ಟು ಮನೆಗಳ ಮಾತು.
ನೀನು ಮೇಜು ಬಡಿದು ನಕ್ಕೆ,
"ಅದಕ್ಕೇ ಮೊಣಕಾಲು ಈ ಪಾಟಿ ನೋಯೋದು!"

"ಬರೀ ಅಮ್ಮನ್ನೇ ಕೇಳ್ತೀಯ," ಎಂದಳು ಝಕಿಯಾ, ಏಳು ವರ್ಷ,
"ನಿನ್ನ ಮನೇಲಿ ಎಷ್ಟು ಜನ?"
ಸಂದರ್ಶಕರು ತಮ್ಮ ವಿಷಯ ಹೇಳತಕ್ಕದ್ದಲ್ಲ. ಕೈಪಿಡಿ, ಪುಟ ಒಂಬತ್ತು.
ಚೀಲದ ಜಿಪ್ಪು ಎಳೆದು ಎದ್ದೆ.

ಈ ಸಲ ಬಾಗಿಲು ತೆಗೆದವನು ಬೇರೆ.
ಅಂಚೆಪೆಟ್ಟಿಗೆಯ ಮೇಲೆ ನಿನ್ನ ಹೆಸರು ಕಿತ್ತು
ಅಂಟಿನ ಕಲೆ ಉಳಿದಿದೆ.
ಲಾಂಡ್ರಿಯಲ್ಲಿ ಕೇಳಿದೆ: ನವೆಂಬರಿನಲ್ಲೇ ಬಿಟ್ಟಳು.
ಬಿಟ್ಟಳೋ, ಬಿಡಿಸಿದಿರೋ?
ಭುಜ ಹಾರಿಸಿದರು. ನಿನ್ನ ತಂಗಿಯ ಫೋನು ಸತ್ತಿದೆ.
ಏಳು ಸಲ ಬಡಿದ ಮೇಲೆ ಸಂಕೇತ ನಲವತ್ತೆರಡು ಬರೆಯಬಹುದು:
ಮನೆ ಬದಲಿಸಿದ್ದಾರೆ, ವಿಳಾಸ ತಿಳಿಯದು.

ಚಿಂತೆಯಿಲ್ಲ ಅನ್ನುತ್ತಾರೆ ಕಚೇರಿಯಲ್ಲಿ.
ನಿನ್ನ ತೂಕವನ್ನು ನಿನ್ನಂಥವರಿಗೆ ಹಂಚುತ್ತಾರಂತೆ,
ಅದೇ ವಯಸ್ಸು, ಅದೇ ಬಣ್ಣ, ಅಷ್ಟೇ ಮಕ್ಕಳು,
ಬಾಗಿಲು ತೆರೆದವರಿಗೆ.
ಆಮೇಲೆ ವರದಿ: ಚೆಕ್ಕು ಬಿಟ್ಟವರಲ್ಲಿ
ನೂರಕ್ಕೆ ಎಪ್ಪತ್ತೊಂದು ಮಂದಿ ದುಡಿಯುತ್ತಿದ್ದಾರೆ.
ಸುಳ್ಳಲ್ಲ.
ಸಿಕ್ಕವರು ಎಂಬ ಪದ ಅಡಿಟಿಪ್ಪಣಿಯಲ್ಲಿದೆ,
ನನ್ನ ಕನ್ನಡಕಕ್ಕೆ ಎಟುಕದಷ್ಟು ಸಣ್ಣಗೆ.

ನಿನಗೆ ಸೇರಬೇಕಾದ ಇಪ್ಪತ್ತು ಡಾಲರಿನ ಲಕೋಟೆ
ಕೋಟಿನೊಳಗೆ ಬೆಚ್ಚಗಿದೆ.
ಸಹಿ ಇಲ್ಲದ್ದನ್ನು ಶುಕ್ರವಾರದೊಳಗೆ ಮರಳಿಸಬೇಕು.
ಇವತ್ತು ಗುರುವಾರ. ಇನ್ನೊಂದು ಸಲ ಬಡಿದೆ,
ಎಂಟನೆಯದು, ಲೆಕ್ಕಕ್ಕಿಲ್ಲದ್ದು.

ಮನೆಗೆ ಬಂದು ಮೊಟ್ಟೆ ಬೇಯಲಿಟ್ಟಿದ್ದೇನೆ.
ಒಬ್ಬಳೇ, ಝಕಿಯಾ.
ಒಂದು ಸೂರು, ಒಂದು ಒಲೆ.
ನನ್ನ ಫಾರಂ ತುಂಬಲು
ಎರಡು ನಿಮಿಷ ಸಾಕು.