ಬಳ್ಳಾರಿ ರಸ್ತೆ, ರಾತ್ರಿ ತಪಾಸಣೆ

ಮೊದಲು ಯಾವ ಮಾತು ಹೇಳಬೇಕು?
ಕೋವಿ ಐತೆ ಅಂದರೆ ಹುಡುಗ ಹೆದರುತ್ತಾನೆ,
ಲೈಸೆನ್ಸ್ ಐತೆ ಅಂದರೆ
ಬೈಕಿಂದು ಅಂದುಕೊಳ್ಳುತ್ತಾನೆ.

ಚಳ್ಳಕೆರೆಯ ಎಣ್ಣೆಮಿಲ್ಲುಗಳ ಕಮಟು ದಾಟಿ
ಬ್ಯಾರಿಕೇಡಿನ ಹತ್ತಿರ ಗಾಡಿ ನಿಲ್ಲಿಸಿದೆ.
ಎರಡೂ ಕೈ ಹ್ಯಾಂಡಲ್ ಮೇಲೇ.
ಬೆನ್ನಿಗೆ ಕ್ಯಾನ್ವಾಸ್ ಚೀಲ, ಒಳಗೆ ಜೋಡುನಳಿಗೆ, ಖಾಲಿ;
ತೋಟಾ ಬೇರೆ, ಟಿಫಿನ್ ಡಬ್ಬಿಯ ಪಕ್ಕ.

"ಸಾರ್, ನಾನು ಪಾಲಯ್ಯ, ಬ್ಯಾಂಕಿನ ಗನ್‌ಮ್ಯಾನು.
ಬೆನ್ನ ಮೇಲಿರೋದು ಕೋವಿ.
ಕಾಗದ ಎದೆ ಜೇಬಲ್ಲೈತೆ. ತೆಗೀಲಾ?"

ಆ 'ತೆಗೀಲಾ' ಇದೆಯಲ್ಲ,
ಇಪ್ಪತ್ತೆರಡು ವರ್ಷದ ವಿದ್ಯೆ.
ಕೇಳದೆ ಜೇಬಿಗೆ ಹೋದ ಕೈ
ಕತ್ತಲಲ್ಲಿ ಯಾರದೋ ಆಗಿಬಿಡುತ್ತೆ.

ಟಾರ್ಚ್ ಬಿಟ್ಟ. ಪುಸ್ತಕದ ಫೋಟೋದಲ್ಲಿ
ಕಪ್ಪು ಮೀಸೆ, ತುಂಬಿದ ಕೆನ್ನೆ.
ನನ್ನ ಮುಖ ನೋಡಿದ, ಪುಸ್ತಕ ನೋಡಿದ, ಮತ್ತೆ ಮುಖ.
ತಾಳೆಯಾಗಲಿಲ್ಲ.
ಚೀಲ ಬಿಚ್ಚಿಸಿ ಕೋವಿಯ ನಂಬರ್ ಓದಿದ
ಒಂದೊಂದೇ ಅಂಕಿ, ಮಗ್ಗಿ ಒಪ್ಪಿಸಿದ ಹಾಗೆ.
ಅದು ಸರಿಯಿತ್ತು.

ಕೆಲಸ ಸಿಕ್ಕಿದ್ದೂ ಅದಕ್ಕೇ, ನನಗಲ್ಲ:
'ಸ್ವಂತ ಕೋವಿ ಇದ್ದವರಿಗೆ ಆದ್ಯತೆ.'

"ಹೋಗಜ್ಜಾ" ಅಂದ.
ಕಿಕ್ಕು ಹೊಡೆದೆ, ಗಾಡಿ ಏಳಲಿಲ್ಲ.
ಅವನೇ ಬಂದು ಹಿಂದಿನಿಂದ ನೂಕಿದ,
ಕೋವಿಗೆ ತಾಗದ ಹಾಗೆ
ಕೈ ಓರೆ ಇಟ್ಟು.