ಮೊಳ

ಮೊಳಕೈಯಿಂದ ನಡುಬೆರಳಿನ ತುದಿತನಕ
ಒಂದು ಮೊಳ.
ಲೈನ್ ಬಜಾರದಾಗ ಹದಿನೆಂಟು ವರ್ಷ ಅಳದೇನಿ
ಕಾಕಡಾ, ಅಬ್ಬಲಗಿ, ಶ್ರಾವಣದಾಗ ಸೇವಂತಗಿ.
ಹರಿಯೂ ಮುಂದ ನಾಕ ಹೂವು ಹೆಚ್ಚಿಗೇನ ಬಿಡತೇನಿ.
ಗಿರಾಕಿಗೆ ಗೊತ್ತೈತಿ, ಕೈ ನನ್ನದು ಗಿಡ್ಡ.

ಮಡಿವಾಳ ಐದು ವರ್ಷದಾಂವ ಇದ್ದಾಗ
ಹೂವಿಗೆ ಬಂದವರ ಕಾಲಿಗೆ ಗಪ್ಪನ ತೆಕ್ಕಿ ಬೀಳತಿದ್ದ.
"ಎಷ್ಟ ಮಾಯಾ ಐತಿ ನೋಡ್ರಿ ಕೂಸಿಗೆ" ಅಂತಿದ್ರು,
ಪೇಪರಮಿಂಟ ಕೊಡತಿದ್ರು.
ಈಗ ಹದಿನೈದು. ಮೀಸಿ ಚಿಗತಾವ.
ತೆಕ್ಕಿ ಅದ ಐತಿ,
ಪೇಪರಮಿಂಟ ಇಲ್ಲ.

ಜುಬ್ಲಿ ಸರ್ಕಲ್ ಚಿಗರಿ ಸ್ಟಾಪಿನಾಗ
ಹಳದಿ ಗೆರಿ ಹಿಂದ ನಿಂತಿದ್ದ ಕಾಲೇಜ ಹುಡಿಗಿನ್ನ
ಹಿಂದಿನಿಂದ ಅಪ್ಪಿಕೊಂಡ.
ಆಕಿ ಚೀರಿದ್ಲು. ಯಾರೋ ಹೊಡದ್ರು.
ನಾನು ಆಕಿ ಕಾಲು ಹಿಡೀಲಿಕ್ಕೆ ಬಗ್ಗಿದ್ರ
"ಮುಟ್ಟಬ್ಯಾಡ್ರಿ" ಅಂದ್ಲು, ನಡುಗತಿದ್ಲು.
ಇವಗ ಏನೂ ತಿಳೀಲಿಲ್ಲ.
ಆಕಿದೂ ತಪ್ಪಿಲ್ಲ,
ಇಷ್ಟು ಒಪ್ಪಾಕ ನನಗ ಒಂದು ಮಳಗಾಲ ಬೇಕಾತು.

ಡಾಕ್ಟರಬಾಯಿ ಅಂದ್ರು: ಹುಡುಗನ ಮನಸು ಕೆಟ್ಟದ್ದಲ್ಲವಾ,
ಮನಸು ಎದ್ದು ಬರೂದರೊಳಗ ಕೈ ಹೋಗಿಬಿಟ್ಟಿರತೈತಿ.
ದೂರಕ್ಕ ಒಂದು ಅಳತಿ ಕಲಸು.
ನನಗ ಗೊತ್ತಿದ್ದದ್ದು ಒಂದ ಅಳತಿ.

ಮೊಳ ದೂರ ನಿಂದರು, ನನ್ನಪ್ಪಾ. ಕೇಳು. ತಡಿ.
ನನ್ನ ಮ್ಯಾಲೇನ ಕಲಿತ.
ದಿನಾ ಹತ್ತು ಸಲ "ಹಿಡೀಲೇನವಾ?"
ಹತ್ತಕ್ಕೂ ಹೂಂ ಅಂತಿದ್ದೆ.
ಡಾಕ್ಟರಬಾಯಿ ನಕ್ಕರು:
"ಬ್ಯಾಡ ಅನ್ನೂದನ್ನ ಕೇಳಿಸಿಕೊಳ್ಳಾಕ
ಯಾರು ಕಲಸ್ತಾರ ಅವಗ, ಪೋಲೀಸರಾ?"

ನಿನ್ನೆ ಸಂಜೀಕ ಮಾಲಿ ಕಟ್ಟಾಕತ್ತಿದ್ದೆ, ಬಾಯಾಗ ದಾರ.
ಬಂದು ನಿಂತ. ಕೈ ಚಾಚಿ ಅಳದ.
ಅವನ ಮೊಳ ಈಗ ನನ್ನದಕ್ಕಿಂತ ಉದ್ದ.
"ಹಿಡೀಲೇನವಾ?"
ದಾರ ಬಿಟ್ಟು ಹೇಳಿದೆ, "ಈಗ ಬ್ಯಾಡೋ."

ಕೈ ಎರಡೂ ಗಾಳಿಯೊಳಗ ನಿಂತು ನಡುಗಿದ್ವು.
ಆಮ್ಯಾಲೆ
ತನ್ನ ತೆಕ್ಕಿ ತಾನ ಹಾಕ್ಕೊಂಡು
ಗ್ವಾಡಿಗೆ ಹೋಗಿ ಕುಂತ.
ಗೆದ್ದ ಅಂತ ಕುಣೀಬೇಕಿತ್ತು ನಾನು.
ದಾರ ಸುತ್ತಿದ ಬೆರಳು
ಗಂಟು ಹಾಕೂದ ಮರತಿದ್ವು.

ಇವತ್ತು ಮುಂಜಾನೆ ಮೊದಲನೇ ಗಿರಾಕಿಗೆ
ಸರಿಯಾಗಿ ಒಂದು ಮೊಳ ಹರಿದು ಕೊಟ್ಟೆ.
ಆಕಿ ರೊಕ್ಕ ಕೊಟ್ಟು ಹೋಗಲಿಲ್ಲ,
ನನ್ನ ಕೈ ನೋಡಕೋತ
ನಿಂತ ಇದ್ಲು.